ಮೊಣಕೈ ಮುಟ್ಟಬೇಕು, ದಾಟಬಾರದು

ಹೊಳೆನರಸೀಪುರದ ಲೇತ್ ದೇವರಾಜುವಿನ ಹತ್ತಿರ ಗಾಳದ ಕೋಲು ಮಾಡಿಸಿಕೊಳ್ಳೋಕೆ ಹೋದವರು ಮೊದಲು ಅಂಗಿಯ ತೋಳು ಮಡಚಬೇಕು. ಯಾವ ಮೀನು, ಯಾವ ಕೆರೆ, ಕೋಲು ಎಷ್ಟುದ್ದ ಅನ್ನೋ ಮಾತೆಲ್ಲ ಆಮೇಲೆ. ಅವನು ಗೋಡೆಯ ಮೊಳೆಯಲ್ಲಿ ನೇತಾಡುವ ದಾರ ತಗೊಂಡು, ಬಂದವರ ಅಂಗೈ ನಡುವಿನಿಂದ ಮೊಣಕೈ ತನಕ ಹಿಡಿದು, ಅಲ್ಲಿಗೊಂದು ಗಂಟು ಹಾಕಿ, "ಇದು ನಿಮ್ ಹಿಡಿ ಸಾ" ಅಂತಾನೆ. ಯಾರಾದರೂ ಬುದ್ಧಿ ಕೆಟ್ಟು "ಬೆಂಗ್ಳೂರಲ್ಲಿ ರೆಡಿಮೇಡೇ ಸಿಗುತ್ತಲ್ಲಪ್ಪ" ಅಂದರೋ, ಮುಗೀತು ಅವರ ಕತೆ.

"ರೆಡಿಮೇಡ್ ಚಪ್ಲಿ ಆಕ್ಕೊಂಡು ಕಾಲು ಕಚ್ಚಿಸ್ಕೊಂಡಿಲ್ವಾ ಸಾ ನೀವು? ಕೋಲು ಯಾವ್ ಕಂಪ್ನೀದಾದ್ರೂ ಆಗ್ಲಿ, ಹಿಡಿ ಮಾತ್ರ ಅವ್ರವ್ರ ಕೈದೇ ಆಗ್ಬೇಕು ಕಣ್ರೀ!"

ಹೊಟ್ಟೆಪಾಡಿಗೆ ಅವನು ಮಾಡೋದು ಮಂಚದ ಕಾಲು, ಲಟ್ಟಣಿಗೆ, ತೊಟ್ಟಿಲ ಗುಂಡು. ಗಾಳದ ಕೋಲು ಅವನ ಪ್ರೀತಿಯ ಕೆಲಸ. ಫೈಬರ್ ಕೋಲು ಕೊರಿಯರ್‌ನಲ್ಲಿ ಬರುತ್ತೆ, ಜೊತೆಗೆ ನಡುವೆ ತೂತಿರುವ ಬಿರಡೆಯ, ಅಂದರೆ ಕಾರ್ಕಿನ, ಬಿಲ್ಲೆಗಳು. ಬಿಲ್ಲೆಗಳನ್ನು ಚಕ್ಕುಲಿ ಜೋಡಿಸಿದ ಹಾಗೆ ಒಂದರ ಮೇಲೊಂದು ಕೋಲಿಗೆ ಪೋಣಿಸಿ, ಅಂಟು ಹಾಕಿ, ಒಣಗಿದ ಮೇಲೆ ಲೇತಿಗೆ ಕೊಟ್ಟು ಸವರಿದರೆ ಹಿಡಿ ಆಯಿತು. ರೀಲು ಕೂರುವ ಜಾಗದ ಮುಂದೊಂದು ಚಿಕ್ಕ ಹಿಡಿ, ಮೀನು ಎಳೆದಾಗ ಇನ್ನೊಂದು ಕೈ ಕೊಡೋಕೆ. ರೀಲಿನ ಹಿಂದೊಂದು ಉದ್ದದ ಹಿಡಿ, ಅದು ಮುಂಗೈ ಕೆಳಗೆ ಒರಗಿಕೊಳ್ಳಬೇಕು. ಈ ಹಿಂದಿನ ಹಿಡಿಯಲ್ಲಿದೆ ನೋಡಿ ಎಲ್ಲ ಗುಟ್ಟು. ಮೋಟಾದರೆ ಕೋಲಿನ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಕೈ ಜೋಮು ಹಿಡಿಯುತ್ತೆ. ಉದ್ದವಾದರೆ ಎಸೆಯೋ ಹೊತ್ತಿಗೆ ಅಂಗಿಗೆ ಸಿಕ್ಕಿಕೊಳ್ಳುತ್ತೆ, ಪಕ್ಕೆಗೆ ತಿವಿಯುತ್ತೆ. ಎರಡು ಬೆರಳು ಹೆಚ್ಚು ಕಮ್ಮಿ ಆದರೆ ಯಾವ ಊರು ಮುಳುಗಿ ಹೋಗುತ್ತೆ ಅನ್ನೋರು, ಒಂದು ದಿನ ಅಂಥ ಕೋಲು ಹಿಡಿದು ಬಿಸಿಲಲ್ಲಿ ಕೂತು ನೋಡಲಿ.

ಇಷ್ಟೆಲ್ಲ ಅವನಿಗೆ ಹೇಳಿಕೊಟ್ಟಿದ್ದು ಯಾವ ಗುರುವೂ ಅಲ್ಲ, ಅವನ ಅಕ್ಕ ದೊಡ್ಡತಾಯಮ್ಮ.

ಹೊಳೆನರಸೀಪುರದಿಂದ ಹೊಳೆ ಜೊತೆಗೇ ಕೆಳಕ್ಕೆ ನಡೆದರೆ ಸಿಗುವ ಊರು ಅವರದು. ಆಗಿನ್ನೂ ಗೊರೂರಿನಲ್ಲಿ ಅಣೆಕಟ್ಟು ಆಗಿರಲಿಲ್ಲ. ಹೇಮಾವತಿ ತನ್ನಿಷ್ಟಕ್ಕೆ ತಾನು ಬರೋಳು, ಹೋಗೋಳು. ಮುಂಗಾರು ಬಂದರೆ ಕೆಂಪು ನೀರು ಗದ್ದೆ ಬದುವಿನ ತನಕ ಬಂದು ಮಾತಾಡಿಸಿಕೊಂಡು ಹೋಗೋದು. ದೇವರಾಜುವಿಗೆ ಹಲ್ಲು ಬೀಳುವ ವಯಸ್ಸಿನಲ್ಲಿ ಅವ್ವ ತೀರಿಕೊಂಡಳು. ಅಪ್ಪ ಗದ್ದೆ, ಎತ್ತು ಅಂತ ಇದ್ದುಬಿಟ್ಟ. ತಮ್ಮನನ್ನು ಸಾಕಿದವಳು ದೊಡ್ಡತಾಯಿ, ಅವಳಿಗಾಗ ಹದಿನೆಂಟೋ ಹತ್ತೊಂಬತ್ತೋ. ಮನೆ ಕೆಲಸ ಮುಗಿಸಿ, ಮಧ್ಯಾಹ್ನ ತಮ್ಮನ ಕೈ ಹಿಡಿದು ಹೊಳೆಗೆ ಹೊರಟುಬಿಡೋಳು. ಸೊಂಟದಲ್ಲಿ ಎರೆಹುಳದ ತೆಂಗಿನ ಚಿಪ್ಪು, ಹೆಗಲ ಮೇಲೆ ಬಿದಿರು ಗಳ.

ಅವನ ಮೊದಲ ಕೋಲು ಅವಳೇ ಕಡಿದಿದ್ದು. ಮೆಳೆಯಿಂದ ಸಣ್ಣ ಗಳ ತಂದು, ಗೆಣ್ಣು ಸವರಿ, ಅವನ ಮುಂಗೈ ಕೆಳಗೆ ಇಟ್ಟು ನೋಡಿದಳು. ಮೊಣಕೈ ದಾಟಿ ಚಾಚಿಕೊಂಡಿದ್ದನ್ನು ಮಚ್ಚಿನಿಂದ ಕತ್ತರಿಸಿದಳು. ಹಿಡಿಯುವ ಜಾಗಕ್ಕೆ ತನ್ನ ಹಳೇ ಸೀರೆಯ ಪಟ್ಟಿ ಸುತ್ತಿದಳು.

"ಮೊಣಕೈ ಮುಟ್ಬೇಕು, ದಾಟ್ಬಾರ್ದು ಕಣ್ಲಾ ದ್ಯಾವ. ದಾಟ್ದ್ರೆ ಕೋಲು ನಿನ್ ಮಾತು ಕೇಳಕ್ಕಿಲ್ಲ."

ಆ ಕೋಲಲ್ಲಿ ಅವನು ಮೊದಲ ಸಲ ಗೆಂಡೆ ಮೀನು ಎತ್ತಿದ. ಅದು ದಡಕ್ಕೆ ಬಿದ್ದು ಒದ್ದಾಡಿದ್ದು, ಅಕ್ಕ ಕಿರುಚಿಕೊಂಡು ಸೆರಗಲ್ಲಿ ಹಿಡಿದಿದ್ದು, ಆ ಸಾರಿನ ಹುಣಸೆಹುಳಿ, ಆ ಮುದ್ದೆಯ ಬಿಸಿ, ಇವತ್ತಿಗೂ ನೆನೆಸಿಕೊಂಡರೆ ದೇವರಾಜುವಿಗೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ವರ್ಷಾ ವರ್ಷಾ ಅವನ ಕೈ ಬೆಳೆದ ಹಾಗೆಲ್ಲ ಅಕ್ಕ ಹೊಸ ಗಳ ತಂದಳು, ಹೊಸದಾಗಿ ಕತ್ತರಿಸಿದಳು.

ಆಮೇಲೆ ಅವಳನ್ನು ಶಾಂತಿಗ್ರಾಮಕ್ಕೆ ಕೊಟ್ಟರು. ಒಳ್ಳೆ ಮನೆ, ಹೊಲ, ಎಮ್ಮೆ, ಮನೆ ಮುಂದೆ ಬಸ್ಸು, ಎಲ್ಲ ಸರಿ. ಹೊಳೆ ಒಂದಿಲ್ಲ! ಮದುವೆಯಾದ ಹೊಸದರಲ್ಲಿ ಒಂದು ದಿನ ಊರ ಕೆರೆ ಏರಿ ಮೇಲೆ ಗಾಳ ಹಿಡಿದು ಕೂತಳಂತೆ. ಅತ್ತೆ ಬಂದು, "ಸೊಸೆಮುದ್ದು ಏರಿ ಮ್ಯಾಲೆ ಕುಂತ್ರೆ ಊರೋರು ಏನಂದಾರು, ನಡಿ ಒಳಿಕೆ" ಅಂದರಂತೆ. ಅವತ್ತಿಂದ ಶಾಂತಿಗ್ರಾಮದಲ್ಲಿ ಅವಳು ಗಾಳ ಮುಟ್ಟಲಿಲ್ಲ. ತವರಿಗೆ ಬಂದಾಗ ಮಾತ್ರ ಕಾಲು ತೊಳೆದು, ಕಾಫಿ ಕುಡಿದು, "ನಡೀಲಾ" ಅನ್ನೋಳು. ಅಪ್ಪ ಹೋಗಿ, ತವರು ಅಂದರೆ ಹೊಳೆನರಸೀಪುರದ ದೇವರಾಜುವಿನ ಮನೆ ಅಂತಾದ ಮೇಲೂ ಅದೇ ಮಾತು, ಅದೇ ನಡಿಗೆ. ಅಕ್ಕ ತಮ್ಮ ಇಬ್ಬರೂ ಮುದುಕರಾದರು, ಹೊಳೆ ದಡದಲ್ಲಿ ಕೂತಾಗ ಮಾತ್ರ ಅವನು ದ್ಯಾವ, ಅವಳು ಅಕ್ಕ, ಅಷ್ಟೇ.

ಹೋದ ವರ್ಷ ದೊಡ್ಡತಾಯಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ಬಲಗೈ ಮುಂಗೈ ಮೂಳೆ ಮುರಿಯಿತು. ಎಪ್ಪತ್ತೈದು ದಾಟಿದ ಮೂಳೆ, ಕೂಡಿಕೊಂಡಿತು, ಆದರೆ ಸೊಟ್ಟಗೆ, ಒಂದರ ಮೇಲೊಂದು ಹತ್ತಿ ಕೂಡಿಕೊಂಡಿತು. ಕಟ್ಟು ಬಿಚ್ಚಿದ ಮೇಲೆ ದೇವರಾಜು ಉತ್ಸಾಹದಿಂದ ಹೊಳೆಗೆ ಕರಕೊಂಡು ಹೋಗಿ, ಹಗುರಾಗಿದೆ ಅಂತ ರೆಡಿಮೇಡ್ ಅಂಗಡಿ ಕೋಲೊಂದನ್ನು ಕೈಗೆ ಕೊಟ್ಟ. ಅದು ಬೆರಳಿಂದ ಜಾರಿ ನೀರಿಗೆ ಬಿತ್ತು. ಅವನು ಮಂಡಿಯುದ್ದ ನೀರಿಗಿಳಿದು ಎತ್ತಿಕೊಂಡು ಬರೋ ಹೊತ್ತಿಗೆ ಅಕ್ಕ ಎದ್ದು ನಿಂತಿದ್ದಳು.

"ಈ ಕೈ ಸತ್ತೋಯ್ತು ಕಣ್ಲಾ. ಇನ್ ನನ್ನ ಒಳೆಗೆ ಕರೀಬ್ಯಾಡ."

ಅಷ್ಟೇ. ಶಾಂತಿಗ್ರಾಮಕ್ಕೆ ಹೋಗಿ ಜಗುಲಿ ಮೇಲೆ ಕೂತವಳು ಕೂತೇಬಿಟ್ಟಳು. ಸೊಸೆ ಪ್ರೇಮಕುಮಾರಿ ಒಳ್ಳೆಯವಳು, ಹೆತ್ತ ಮಗಳ ಹಾಗೆ ನೋಡಿಕೊಳ್ಳೋಳು. ಅವಳೇ ಫೋನು ಮಾಡಿದಳು. "ಮಾವ, ಅತ್ತೆ ಆ ಕೈನ ಆಡುಸ್ತಾನೇ ಇಲ್ಲ. ಊಟಾನೂ ಎಡಗೈಲಿ ಚಮಚ ಇಡ್ಕೊಂಡು ಮಾಡ್ತಾರೆ. ಡಾಕ್ಟ್ರು ಇಂಗೇ ಬುಟ್ರೆ ಕೈ ಮರಗಟ್ಟೋಯ್ತದೆ, ಆಮೇಲೆ ಯಾರೂ ಏನೂ ಮಾಡಕ್ಕಾಗಲ್ಲ ಅಂದವ್ರೆ. ವ್ಯಾಯಾಮ ಮಾಡಿ ಅಂದ್ರೆ ನನ್ ಮ್ಯಾಲೇ ರೇಗ್ತಾರೆ. ನೀವೇ ಏನಾರಾ ಮಾಡಿ ಮಾವ."

ದೇವರಾಜುವಿಗೆ ಬರೋದು ಒಂದೇ ವಿದ್ಯೆ. ಅಕ್ಕನಿಗೇ ಅಂತ ಒಂದು ಕೋಲು ಮಾಡಬೇಕು. ಅದು ಅವಳ ಕೈಗೆ ಒಗ್ಗಿದರೆ ಕೈ ಉಳಿಯುತ್ತೆ, ಒಗ್ಗದಿದ್ದರೆ ಅಕ್ಕ ಮತ್ತೆ ಹೊಳೆ ಕಡೆ ತಲೆ ಹಾಕೋಳಲ್ಲ. ಗೌರಿ ಹಬ್ಬ ಹತ್ತಿರ ಬಂದಿತ್ತು. ತವರಿನ ಉಡುಗೊರೆ ಬೇಡ ಅನ್ನೋ ಹಾಗಿಲ್ಲವಲ್ಲ, ಅಂತ ಅವನ ಲೆಕ್ಕಾಚಾರ.

"ಊರೋರೆಲ್ಲ ಅಕ್ಕತಂಗೀರಿಗೆ ಸೀರೆ ಕೊಟ್ರೆ ಇವ್ನು ಗಾಳದ ಕೋಲು ಕೊಡ್ತಾನಂತೆ!" ಅಂತ ನಕ್ಕವನು ಪಕ್ಕದ ಹಾರ್ಡ್‌ವೇರ್ ಅಂಗಡಿಯ ಬಸವೇಶ. ಕೊರಳಲ್ಲಿ ಲಿಂಗ, ಮನೇಲಿ ಮೀನಿನ ಹೆಸರೆತ್ತಿದರೆ ಬಾಯಿ ತೊಳೀಬೇಕು, ಆದರೂ ಮೂವತ್ತು ವರ್ಷದಿಂದ ದೇವರಾಜುವಿನ ಕೋಲುಗಳಿಗೆ ಅಂಟು ಆರಿಸಿಕೊಡೋದು ಅವನೇ. "ಮೀನು ಹಿಡಿಯೋ ಪಾಪ ನಿಂದು, ಅಂಟು ಹಿಡಿಯೋ ಪುಣ್ಯ ನಂದು" ಅಂತಾನೆ.

ಈ ಕೋಲಿಗೆ ದೇವರಾಜು ಹಗುರವಾದ ಫೈಬರ್ ತರಿಸಿದ. ಹಿಡಿಯ ದಪ್ಪಕ್ಕಾಗಿ ಶಾಂತಿಗ್ರಾಮಕ್ಕೆ ಹೋಗಿ, ಅಕ್ಕ ಕಾಫಿ ಲೋಟ ಹಿಡಿಯೋದನ್ನು ಕದ್ದು ನೋಡಿಕೊಂಡು ಬಂದ. ಬೆರಳ ಗೆಣ್ಣೆಲ್ಲ ಊದಿ, ಮುಷ್ಟಿ ಪೂರಾ ಮುಚ್ಚುತ್ತಿರಲಿಲ್ಲ. ಹಾಗಾಗಿ ಹಿಡಿ ದಪ್ಪಗಿರಲಿ, ನಡುವೆ ಒಂಚೂರು ಉಬ್ಬಿರಲಿ ಅಂದುಕೊಂಡ. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಬಿಲ್ಲೆ ಪೋಣಿಸೋಕೆ ಕೂತಾಗ ಬಸವೇಶ ಗೋಡೆ ಕಡೆ ನೋಡಿದ. ದಾರ ಮೊಳೆಯಲ್ಲೇ ಇತ್ತು.

"ಅಕ್ಕನ ಕೈ ಅಳತೆ ಎಲ್ಲಯ್ಯಾ?"

"ಅಕ್ಕನ ಕೈ ನಂಗ್ ಗೊತ್ತಿಲ್ವಾ? ಕಣ್ ಮುಚ್ಚಿದ್ರೆ ಕಾಣುತ್ತೆ."

"ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ! ತಾಲ್ಲೂಕಿಗೆಲ್ಲಾ ತೋಳು ಮಡಚಿಸ್ತೀಯ, ಸ್ವಂತ ಅಕ್ಕಂಗೆ ಅಂದಾಜಾ?"

ದೇವರಾಜು ಮೊದಲ ಬಿಲ್ಲೆ ಎತ್ತಿಕೊಂಡ. ಕಣ್ಣು ಮುಚ್ಚಿದರೆ ಕಾಣುತ್ತೆ ಅಂದಿದ್ದು ಸುಳ್ಳಲ್ಲ. ಆದರೆ ಕಾಣುತ್ತಿದ್ದದ್ದು ಬಾವಿಯಿಂದ ಎರಡು ಬಿಂದಿಗೆ ನೀರು ಸೇದಿ ಎತ್ತುವ ಕೈ, ಮಚ್ಚು ಬೀಸುವ ಕೈ. ಆ ಕೈಗೆ ತಕ್ಕ ಹಾಗೆ ಬಿಲ್ಲೆ ಪೋಣಿಸಿದ. ಮಣಿಕಟ್ಟು ಸೋತಿದೆ, ಭಾರ ಮುಂಗೈ ಮೇಲೆ ಹೋಗಲಿ, ಅಂತ ಇನ್ನೂ ಎರಡು ಬಿಲ್ಲೆ ಜಾಸ್ತಿ ಹಾಕಿದ. ಪ್ರೀತಿ ಹೆಚ್ಚಾದರೆ ಬುದ್ಧಿ ಮಂಕಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಳೆಯದೇ ಇದ್ದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವನು ಬಸವೇಶನಿಗೂ ಹೇಳಿರಲಿಲ್ಲ. ಅವ್ವ ತೀರಿಕೊಂಡ ದಿನ ನಡುಮನೆಯಲ್ಲಿ ಚಾಪೆ ಮೇಲೆ ಮಲಗಿಸಿದ್ದರು. ದಾಯಾದಿ ಚಿಕ್ಕಯ್ಯ ತೆಂಗಿನ ಹಗ್ಗ ತಂದು ಅವ್ವನ ತಲೆಯಿಂದ ಕಾಲಿನ ತನಕ ಹಿಡಿದು ಗಂಟು ಹಾಕಿದ. ಗುಂಡಿ ತೋಡೋಕೆ ಅಳತೆ ಬೇಕಲ್ಲ. ಮಗು ದೇವರಾಜು ಕೇಳಿದ್ದ, "ಅವ್ವಂಗೆ ಬಟ್ಟೆ ಒಲಿಸ್ತಾರಾ ಅಕ್ಕ?" ದೊಡ್ಡತಾಯಿ ಅವನ ಕಣ್ಣು ಮುಚ್ಚಿ ಎದೆಗೆ ಒತ್ತಿಕೊಂಡಿದ್ದಳು. ಕಾಯಿಲೆ ಬಿದ್ದವರ ಮೈಮೇಲೆ ದಾರ ಹಿಡಿದರೆ ಸಾವನ್ನು ಕರೆದ ಹಾಗೆ, ಹಿಡೀಬಾರದು ಅಂತ ಅವತ್ತೇ ಅವನ ಮನಸ್ಸಲ್ಲಿ ಕೂತುಬಿಟ್ಟಿತ್ತು. ಹುಷಾರಿಲ್ಲದವರು ಯಾರಾದರೂ ಅಂಗಡಿಗೆ ಬಂದರೆ, "ವಾಸಿ ಮಾಡ್ಕೊಂಡು ಬನ್ನಿ" ಅಂತ ಕಳಿಸೋನು. ಇನ್ನು ಅಕ್ಕನ ಆ ಸೊಟ್ಟ ಕೈಗೆ ದಾರ ಹಿಡಿಯೋದುಂಟೇ?

ಗೌರಿ ಹಬ್ಬದ ದಿನ ಕೋಲನ್ನು ಹೊಸ ಸೀರೆಯಲ್ಲಿ ಸುತ್ತಿಕೊಂಡು ಹೋಗಿ ಅಕ್ಕನ ಮಡಿಲಿಗೆ ಇಟ್ಟ. ಅವಳು ಸೀರೆ ಬಿಚ್ಚಿದಳು, ಕೋಲು ನೋಡಿದಳು, ಬಹಳ ದಿನದ ಮೇಲೆ ನಕ್ಕಳು.

"ನಿಂಗೆ ಉಚ್ಚು ಕಣ್ಲಾ ದ್ಯಾವ."

ಆದರೂ ಅವಳ ಎಡಗೈ ಬಿರಡೆಯನ್ನು ಸವರುತ್ತಲೇ ಇತ್ತು. ಗಣೇಶನ ಹಬ್ಬ ಕಳೆದ ಮಾರನೇ ದಿನ ಪ್ರೇಮಕುಮಾರಿ ಜೊತೆಗೆ ಹೊಳೆನರಸೀಪುರಕ್ಕೆ ಬಂದಳು. ತಿಂಡಿ ತಿಂದು ಮೂವರೂ ಹೊಳೆಗೆ ಇಳಿದರು. ಮೇಲೆ ಗೊರೂರಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿಕೊಂಡು ತಣ್ಣಗೆ ಹರಿಯುತ್ತಿತ್ತು. ಅಕ್ಕ ಕಲ್ಲಿನ ಮೇಲೆ ಕೂತಳು. ದೇವರಾಜು ರಾಗಿ ಮುದ್ದೆಯ ಚೂರು ಗಾಳಕ್ಕೆ ಸಿಕ್ಕಿಸಿ, ಕೋಲನ್ನು ಅವಳ ಬಲಗೈಗೆ ಕೊಟ್ಟ.

ಬೆರಳು ಹಿಡಿಯ ಉಬ್ಬನ್ನು ಸುತ್ತಿಕೊಂಡವು, ಜಾರಲಿಲ್ಲ. ಪ್ರೇಮಕುಮಾರಿ "ಇಡ್ಕೊಂಡ್ರು ಮಾವ!" ಅಂತ ಕೂಗೇಬಿಟ್ಟಳು. ಅಕ್ಕ ಕೋಲನ್ನು ಎಸೆಯೋಕೆ ಅಂತ ಹಿಂದಕ್ಕೆ ಎಳೆದಳು. ಹಿಡಿಯ ಬುಡ ಮೊಣಕೈ ದಾಟಿ ಹೋಗಿ ಪಕ್ಕೆಗೆ ತಿವಿಯಿತು. "ಅಮ್ಮಾ" ಅಂದಳು. ಕೋಲಿನ ತುದಿ ವಾಲಿ ನೀರಿಗೆ ಬಡಿಯಿತು.

"ಇನ್ನೊಂದ್ಸಲ ನೋಡಕ್ಕ, ಒಂಚೂರು ಮುಂದಕ್ಕಿಡ್ಕೊಂಡು..."

ಇನ್ನೊಂದು ಸಲವೂ ತಿವಿಯಿತು. ಅಕ್ಕ ಕೋಲನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು. ಆ ಅಂಗಡಿ ಕೋಲು ಬಿದ್ದ ದಿನ ಇದ್ದ ಮುಖವೇ ಮತ್ತೆ ಬಂತು.  ಮುಗೀತು, ಇನ್ನು ಎದ್ದು ಹೊರಡ್ತಾಳೆ ಅಂದುಕೊಂಡ ದೇವರಾಜು.

ಅವಳು ಏಳಲಿಲ್ಲ. ಹಿಡಿಯ ಬುಡದಿಂದ ಮೊಣಕೈ ತನಕ ಎಡಗೈ ಬೆರಳಿಟ್ಟು ನೋಡಿದಳು. ಆಮೇಲೆ ತಮ್ಮನ ಮುಖ ನೋಡಿದಳು.

"ಅಳ್ದೇನ್ಲಾ?"

ಅವನು ತಲೆ ತಗ್ಗಿಸಿದ.

"ಕೇಳುಸ್ತಾ? ಅಳ್ದು ಮಾಡ್ದೇನೋ ಇದ್ನ?"

"ಇಲ್ಲ ಕಣಕ್ಕ."

"ಯಾಕ್ಲಾ? ಕಂಡೋರಿಗೆಲ್ಲ ಅಳೀತಿಯಂತೆ, ನಾನೇನ್ ಮಾಡಿದ್ದೆ ನಿಂಗೆ?"

ಅರವತ್ತು ದಾಟಿದ ಗಂಡಸು ಹೊಳೆ ಮರಳ ಮೇಲೆ ಕುಕ್ಕರಗಾಲಲ್ಲಿ ಕೂತು, ಅವ್ವನ ಚಾಪೆ, ಚಿಕ್ಕಯ್ಯನ ಹಗ್ಗ, ಎಲ್ಲ ಹೇಳಿದ.  ಪ್ರೇಮಕುಮಾರಿ ಮುಖ ತಿರುಗಿಸಿಕೊಂಡಳು. ದೊಡ್ಡತಾಯಮ್ಮ ಪೂರಾ ಕೇಳಿಸಿಕೊಂಡಳು, ಆಮೇಲೆ ಎಡಗೈಯಿಂದ ಅವನ ತಲೆಗೊಂದು ಮೊಟಕಿದಳು.

"ಥೂ ನಿನ್ನ! ಅವ್ವ ಸತ್ತಿದ್ಲು ಕಣ್ಲಾ, ನಾನ್ ಸತ್ತಿದ್ದೀನಾ? ಸತ್ತೋರ್ನ ಅಳ್ದಿದ್ದಕ್ಕೆ ಬದುಕಿರೋರ್ನ ಬುಟ್ಬುಡದಾ? ತಗಿ ದಾರ."

"ದಾರ ಅಂಗ್ಡೀಲೈತೆ ಅಕ್ಕ."

"ಈ ರೀಲಲ್ಲಿರೋದೇನು, ನಿನ್ ಉಡ್ದಾರ್ವಾ?"

ಅವನು ರೀಲಿನಿಂದ ದಾರ ಎಳೆದ. ಅಕ್ಕ ಬಲಗೈ ಚಾಚಿದಳು. ಅವನು ಅಂಗೈ ನಡುವೆ ದಾರದ ತುದಿ ಇಟ್ಟ.  ಸೊಟ್ಟಗೆ ಕೂಡಿದ ಮೂಳೆಯ ಉಬ್ಬು ಬೆರಳಿಗೆ ಸಿಕ್ಕಿತು. ಮೊಣಕೈ ಹತ್ತಿರ ಉಗುರಲ್ಲಿ ಒತ್ತಿ ಹಿಡಿದು, ತಂದು ಹಿಡಿಯ ಪಕ್ಕದಲ್ಲಿಟ್ಟ. ಇವನು ಮಾಡಿದ್ದಕ್ಕಿಂತ ಒಂದು ಅಂಗೈ ಅಗಲ ಮೋಟು. ಜಾಸ್ತಿ ಹಾಕಿದ ಎರಡು ಬಿಲ್ಲೆ ಕಳೆದರೂ ಅಕ್ಕ ಎಷ್ಟೋ ಕುಗ್ಗಿದ್ದಳು, ಇವನು ನೋಡಿಯೂ ನೋಡಿರಲಿಲ್ಲ. ಅಲ್ಲೇ ಅತ್ತುಬಿಟ್ಟ.

"ಯಾಕ್ಲಾ ಅಳ್ತೀಯ? ಆವಾಗ ವರ್ಷಾ ವರ್ಷಾ ನಿನ್ ಕೈ ಉದ್ದ ಆಗದು, ನಾನು ಒಸಾ ಗಳ ತರ್ತಿದ್ದೆ. ಉದ್ದ ಆಯ್ತು ಅಂತ ಅತ್ನೇನು ನಾನು? ಈಗ ನನ್ ಕೈ ಮೋಟಾಗೈತೆ. ನೀನು ಕೊಯ್ಯಿ. ಅಷ್ಟೇ ಕಣ್ಲಾ ಇರೋದು."

ದೇವರಾಜು ಕಣ್ಣೊರೆಸಿಕೊಂಡ. ಅವನು ಹೊಳೆಗೆ ಹೊತ್ತು ತರುವ ಚೀಲದಲ್ಲಿ ಗರಗಸದಂಥ ಹ್ಯಾಕ್ಸಾ ಬ್ಲೇಡು ಇದ್ದೇ ಇರುತ್ತೆ. ಕೋಲನ್ನು ತೊಡೆ ಮೇಲಿಟ್ಟುಕೊಂಡು, ಉಗುರಿನ ಗುರುತಿಗೆ ಸರಿಯಾಗಿ ಕೊಯ್ದ. ಬಿರಡೆಯ ಪುಡಿ ಪಂಚೆ ಮೇಲೆಲ್ಲ ಉದುರಿತು. ಕೊಯ್ದ ಬುಡ ಚುಚ್ಚಬಾರದಲ್ಲ, ಪ್ರೇಮಕುಮಾರಿ ಏನಾದರೂ ಸುತ್ತೋಣ ಅಂತ ಹುಡುಕುತ್ತಿದ್ದಳು. ಅಷ್ಟರಲ್ಲಿ ದೊಡ್ಡತಾಯಮ್ಮ ತಾನು ಉಟ್ಟಿದ್ದ ಹಳೇ ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಪರ್ರನೆ ಹರಿದೇಬಿಟ್ಟಳು. "ಅಯ್ಯೋ ಅತ್ತೆ!" ಅಂದರೆ, "ಒಸಾದು ಕೊಟ್ಟವ್ನಲ್ಲ ಬುಡು" ಅಂದಳು. ಆ ಪಟ್ಟಿಯನ್ನು ದೇವರಾಜು ಬುಡಕ್ಕೆ ಬಿಗಿಯಾಗಿ ಸುತ್ತಿದ.

ಉಳಿದ ತುಂಡನ್ನು ಅವನು ನೀರಿಗೆ ಎಸೆಯಲು ಕೈ ಎತ್ತಿದ್ದ.

"ಎಸೀಬ್ಯಾಡ ಕಣ್ಲಾ. ಬಿರಡೆ ನೀರ್ ಮ್ಯಾಲೆ ತೇಲಕ್ಕಿಲ್ವಾ? ಗಾಳದ ದಾರಕ್ಕೆ ಬೆಂಡು ಮಾಡು."

ಅವನು ತುಂಡಿನೊಳಗಿನ ಫೈಬರ್ ಕೊಳವೆ ಕಿತ್ತು, ಬಿರಡೆಯನ್ನು ಚಾಕುವಿನಲ್ಲಿ ನೆಲ್ಲಿಕಾಯಿ ಗಾತ್ರಕ್ಕೆ ಸವರಿದ. ಚೀಲದಲ್ಲಿದ್ದ ನವಿಲುಗರಿಯ ಕಡ್ಡಿ ಅದರ ತೂತಿಗೆ ತುರುಕಿ ದಾರಕ್ಕೆ ಕಟ್ಟಿದ. ಅಕ್ಕ ಕೋಲು ಹಿಡಿದಳು, ಹಿಂದಕ್ಕೆ ಎಳೆದಳು, ಬೀಸಿದಳು. ದೂರವೇನೂ ಹೋಗಲಿಲ್ಲ, ದಡದ ಜೊಂಡಿನ ಅಂಚಿಗೇ ಬಿತ್ತು. ಆದರೆ ಕೈ ಬೀಸಿತ್ತು. ಪ್ರೇಮಕುಮಾರಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಮೂವರೂ ತೇಲುವ ಬೆಂಡು ನೋಡುತ್ತಾ ಕೂತರು. ಸೇತುವೆ ಮೇಲೆ ಹಾಸನದ ಬಸ್ಸು ಹೋಯಿತು. ಅಕ್ಕ ಮೆಲ್ಲಗೆ, ಹಳೇ ಕಾಲದಲ್ಲಿ ಹೊಳೆ ಗದ್ದೆಗೆ ಬರುತ್ತಿದ್ದದ್ದು, ಒಂದು ಸಲ ಎಮ್ಮೆ ಕರು ತೇಲಿಕೊಂಡು ಬಂದಿದ್ದು, ಅದನ್ನು ಅಪ್ಪ ಎಳೆದು ಹಾಕಿದ್ದು, ಎಲ್ಲ ಹೇಳತೊಡಗಿದಳು. ಒಂದು ವರ್ಷದ ಮಾತನ್ನು ಒಂದೇ ದಿನ ಆಡುತ್ತಿದ್ದಾಳೆ ಅನ್ನಿಸಿ ದೇವರಾಜು ಹೂಂ ಹೂಂ ಅನ್ನುತ್ತಿದ್ದ.

ಮಾತಿನ ಮಧ್ಯೆ ಬೆಂಡು ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ಆಮೇಲೆ ಸರಕ್ಕನೆ ಮುಳುಗಿತು. ಅಕ್ಕನ ಕೈ ಸೋತೀತು ಅಂತ ದೇವರಾಜು ಕೋಲಿಗೆ ಕೈ ಚಾಚಿದ.

"ಕೈ ತಗಿಯೋ! ನನ್ ಮೀನು ಅದು!"

ಆ ಗದರಿಕೆ ಅವನು ಮಗುವಾಗಿದ್ದಾಗ ಕೇಳಿದ್ದು. ಕೈ ತಾನಾಗೇ ಹಿಂದಕ್ಕೆ ಬಂತು. ದಾರ ಬಿಗಿಯಿತು, ಕೋಲು ಬಾಗಿತು, ಅಕ್ಕ ಹಲ್ಲು ಕಚ್ಚಿ ಆ ಸೊಟ್ಟ ಕೈಯಲ್ಲೇ ಎತ್ತಿ ಹಿಡಿದಳು. ದೇವರಾಜು ಮೀನಿನ ಕಡೆ ನೋಡಲೇ ಇಲ್ಲ. ಸೀರೆ ಪಟ್ಟಿ ಸುತ್ತಿದ ಹಿಡಿಯ ಬುಡ ಅಕ್ಕನ ಮೊಣಕೈಯನ್ನು ಮುಟ್ಟಿಕೊಂಡಿತ್ತು, ದಾಟಿರಲಿಲ್ಲ.